ಕಲಿತ್ಸಾಳ ಬಲಹೆಗಲು

ಗ್ರೀಸಿನ ದ್ವೀಪವೊಂದರ ಒಲಿಂಬೊಸ್ ಊರಿನಲ್ಲಿ ಒಬ್ಬ ಮದುಮಗಳನ್ನು ಸಿಂಗರಿಸಲು ಏನು ಖರ್ಚು ಬೀಳುತ್ತದೆ ಎಂಬುದನ್ನು ರಿಗೊಪೂಲಾ ಬಾಯಲ್ಲೇ ಲೆಕ್ಕ ಹಾಕಿ ಹೇಳಬಲ್ಲಳು. ರೇಷ್ಮೆಗೆ, ಹಾಲು ಕೊಡುವ ಹಸುವೊಂದರ ಬೆಲೆ. ಉದ್ದನೆಯ ಬೂಟಿಗೆ ಮೇಕೆಯ ಚರ್ಮ, ಜೊತೆಗೆ ಬೂಟು ಹೊಲಿಯುವ ಮಿನಾಸನ ಹದಿನೈದು ದಿನದ ಗೊಣಗಾಟ. ತೋಳಂಚಿನ ಚಿನ್ನದ ದಾರದ ಕಸೂತಿಗೆ ಒಂದು ಇಡೀ ಚಳಿಗಾಲ ಮತ್ತು ಕಣ್ಣಿನ ಬೆಳಕಿನಲ್ಲಿ ಒಂದು ಪಾಲು. ಎದೆ ಮುಚ್ಚುವ ಚಿನ್ನದ ನಾಣ್ಯಗಳ ಸರಕ್ಕೆ ಅಪ್ಪನೋ ಅಜ್ಜನೋ ಅಮೆರಿಕದ ಕಾರ್ಖಾನೆಯ ಬೆಂಕಿಯ ಮುಂದೆ ಕಳೆದ ಅರ್ಧ ಆಯುಷ್ಯ. ಇಷ್ಟೆಲ್ಲ ಹಿರಿಮಗಳಿಗೆ. ಮನೆ, ಹೊಲ, ಉಡುಪು, ಸರ, ಅಮ್ಮನ ಕಡೆಯಿಂದ ಬಂದದ್ದೆಲ್ಲ ಹಿರಿಮಗಳಿಗೇ ಸೇರಬೇಕೆಂಬುದು ಅಲ್ಲಿನ ಕಟ್ಟಳೆ. ಎರಡನೆಯವಳ ಖರ್ಚು ಕಡಿಮೆ: ಮೈಗೊಂದು ಕಪ್ಪು ಅಂಗಿ, ಹೊರೆ ಹೊರಲು ಹೆಗಲಿಗೊಂದು ಹಗ್ಗ.

ರಿಗೊಪೂಲಾ ಮೂರನೆಯವಳು. ಅವಳ ಪಾಲಿಗೆ ಬಂದದ್ದು ಸೂಜಿ. ಅದನ್ನೇ ಹಿಡಿದು ಬದುಕಿದಳು. ಎಪ್ಪತ್ತರ ಹತ್ತಿರ ಬಂದರೂ ಊರಿನ ಮದುಮಗಳ ಉಡುಪು ಅವಳ ಕೈಯಿಂದಲೇ ಆಗಬೇಕಿತ್ತು. ಒಂದು ವಿಷಯವನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಹೊಲಿದ ಪ್ರತಿ ಉಡುಪಿನ ಬಲಹೆಗಲಿನೊಳಗೆ ಒಂದು ಬಟ್ಟೆಯ ಮಡಿಕೆ ಇಟ್ಟು ಒಳಪದರ ಮುಚ್ಚುತ್ತಿದ್ದಳು. ಇಡದಿದ್ದರೆ ಆ ಹೆಗಲು ಕೆಳಗೆ ಜಾರುತ್ತಿತ್ತು. ಯಾಕೆ ಜಾರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಗೊತ್ತಿಲ್ಲದವಳಂತೆ ಇರುವುದನ್ನು ಅವಳು ಎಂದೋ ಕಲಿತಿದ್ದಳು.

ಈಸ್ಟರ್‌ಗೆ ಮೊದಲಿನ ಲೆಂಟ್ ಉಪವಾಸ ಶುರುವಾಗುವ ಮುಂಚಿನ ವಾರ, ಸತ್ತವರಿಗೆ ಗೋಧಿ ಬೇಯಿಸಿ ಹಂಚುವ ಶನಿವಾರಕ್ಕೆ ಎರಡು ದಿನವಿರುವಾಗ, ಸೆವಿ ಹಡಗಿಳಿದು ಬಂದಳು. ರಿಗೊಪೂಲಾಳ ಹಿರಿಯಕ್ಕ ಸೆವಾಸ್ತಿಯ ಮೊಮ್ಮಗಳು, ಹಿರಿಮಗಳ ಹಿರಿಮಗಳು. ಅಜ್ಜಿಯ ಹೆಸರೇ ಅವಳಿಗೂ. ಅಥೆನ್ಸ್‌ನಲ್ಲಿ ಆರು ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡು ಹೊಸ ಮಾದರಿಯ ಉಡುಪು ಮಾಡುವವಳು. ಒಂದು ಕೈಯಲ್ಲಿ ದೊಡ್ಡ ಪೆಟ್ಟಿಗೆ, ಇನ್ನೊಂದರಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟು.

“ಚಿಕ್ಕಜ್ಜಿ, ಬೇಗ ಬಾಗಿಲು ಹಾಕು. ಗಾಳಿ ನನ್ನನ್ನೇ ಹೊತ್ಕೊಂಡು ಹೋಗತ್ತೆ.”

“ನಿನ್ನ ಮೈಮೇಲೆ ಹೊರೋಕೆ ಏನಿದೆ ಕೂಸೇ? ಅಥೆನ್ಸ್‌ನಲ್ಲಿ ಊಟಕ್ಕೆ ಯಾರೂ ಕರೆಯಲ್ವಾ?”

ಮಿನಾಸ್ ಎದುರಂಗಡಿಯಿಂದ ಬಂದು ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಸೆವಿಯ ಮೊಣಕಾಲಿನತ್ತ ನೋಡಿ, “ರಿಗೊಪೂಲಾ, ಹುಡುಗಿ ಪ್ಯಾಂಟು ಹರಿದಿದೆ. ಮೊದಲು ಅದಕ್ಕೊಂದು ತೇಪೆ ಹಾಕು ಪಾಪ” ಅಂದ.

“ಅದು ಹರಿದಿರೋದಲ್ಲ ಮಿನಾಸ್ ತಾತ, ಹಾಗೇ ಮಾಡಿರೋದು. ಜಾಸ್ತಿ ಹರಿದಷ್ಟೂ ಬೆಲೆ ಜಾಸ್ತಿ.”

“ಹಾಗಾದ್ರೆ ನನ್ನ ಪ್ಯಾಂಟು ನೋಡಿ ಕೈ ಮುಗಿ” ಎಂದು ಅವನು ಎದ್ದು ಹೋದ.

ಅವನು ಹೋದದ್ದೇ ಸೆವಿಯ ಮುಖದ ನಗು ಇಳಿಯಿತು. ಪೆಟ್ಟಿಗೆ ತೆರೆದು ಕೋಟುಗಳನ್ನು ತೆಗೆದಳು. ಉಣ್ಣೆಯವು, ಬೂದು ಬಣ್ಣದವು, ಚಂದದ ಕೆಲಸ. ಒಂದನ್ನು ಹೊಲಿಗೆಯ ಗೊಂಬೆಗೆ ತೊಡಿಸಿ ಹಿಂದೆ ಸರಿದಳು. ನೋಡುತ್ತಿದ್ದಂತೆಯೇ ಬಲಹೆಗಲು ಎರಡು ಬೆರಳು ಕೆಳಗಿಳಿಯಿತು. ಇನ್ನೊಂದನ್ನು ತೊಡಿಸಿದಳು. ಅದೂ ಹಾಗೇ.

“ಅಜ್ಜಿ ಮದುವೆ ಉಡುಪಿನಿಂದ ಅಳತೆ ತೆಗೆದು ಈ ಕೋಟು ಮಾಡಿದ್ದು. ಕಂಪ್ಯೂಟರಲ್ಲಿ ತಿದ್ದಿದೆ. ಕತ್ತರಿಸೋಳನ್ನ ಬದಲಾಯಿಸ್ದೆ. ಒಳಗೆ ಹತ್ತಿ ಇಟ್ಟೆ. ಇಟ್ರೆ ಇನ್ನೂ ಜಾಸ್ತಿ ಜಗ್ಗತ್ತೆ ಚಿಕ್ಕಜ್ಜಿ. ಮಿಲಾನ್ ಅಂಗಡಿಯವರು ನಲವತ್ತು ಕೇಳಿದ್ದಾರೆ. ಈಸ್ಟರ್ ಒಳಗೆ ಕೊಡದೇ ಇದ್ರೆ ನನ್ನ ಕಾರ್ಖಾನೆ ಮುಚ್ಚಿತು ಅಂತಲೇ. ಆ ಆರು ಜನ ಹೆಂಗಸರಿಗೆ ಏನು ಹೇಳ್ಲಿ? ಒಬ್ಬಳಂತೂ ಇನ್ಮೇಲೆ ಆ ಕೋಟು ಮುಟ್ಟಲ್ಲ ಅಂತ ಕೂತಿದ್ದಾಳೆ.”

ರಿಗೊಪೂಲಾ ಕೋಟಿನ ಹೆಗಲ ಮೇಲೆ ಅಂಗೈ ಇಟ್ಟಳು. ಬಟ್ಟೆ ತಣ್ಣಗಿತ್ತು. ಕತ್ತಿನ ಬುಡದಿಂದ ಹೆಗಲ ತುದಿಗೆ ಬರುವಾಗ ಒಂದು ಗುಳಿ, ಹಗ್ಗ ಕೂತು ಕೂತು ಆದಂಥದ್ದು. ಆ ಗುಳಿಯಲ್ಲಿ ಗಲ್ಲ ಇಟ್ಟು ಅವಳು ಎಷ್ಟೋ ಮಧ್ಯಾಹ್ನ ನಿದ್ದೆ ಮಾಡಿದ್ದಳು, ಮಗುವಾಗಿದ್ದಾಗ.

“ಗಂಟು ಬಿಚ್ಚು” ಅಂದಳು.

ಗಂಟಿನೊಳಗೆ ಇದ್ದದ್ದು ಸೆವಾಸ್ತಿಯ ಮದುವೆಯ ಉಡುಪು. ಅರವತ್ತು ವರ್ಷವಾದರೂ ಚಿನ್ನದ ದಾರ ಕಪ್ಪಾಗಿರಲಿಲ್ಲ. ರಿಗೊಪೂಲಾ ಗೋಡೆಯ ಮೇಲಿದ್ದ ಸೆವಾಸ್ತಿಯ ಮದುವೆಯ ಪಟವನ್ನು ಕೆಳಗಿಳಿಸಿ ಸೆವಿಯ ಕೈಗೆ ಕೊಟ್ಟಳು.

“ಸರಿಯಾಗಿ ನೋಡು. ನಿಮ್ಮಜ್ಜಿ ಹೇಗೆ ನಿಂತಿದ್ದಾಳೆ?”

“ನೆಟ್ಟಗೆ. ಕಂಬದ ಹಾಗೆ.”

“ಉಡುಪು?”

ಸೆವಿ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹುಟ್ಟಿದಾಗಿನಿಂದ ನೋಡಿದ ಪಟ. ಸೆವಾಸ್ತಿಯ ಎರಡು ಹೆಗಲೂ ಸಮನಾಗಿದ್ದವು. ಅವಳ ಮೇಲಿದ್ದ ಬಟ್ಟೆ ಮಾತ್ರ ಬಲಗಡೆ ಜಗ್ಗಿತ್ತು, ಅದರೊಳಗೆ ಬೇರೆ ಯಾರೋ ನಿಂತಂತೆ. ಸೆವಿ ಪಟವನ್ನು ಮೆಲ್ಲನೆ ಮಗುಚಿ ಮೇಜಿನ ಮೇಲಿಟ್ಟಳು.

“ಯಾರದು?”

“ಕಲಿತ್ಸಾ. ನಮ್ಮ ನಡುವಿನವಳು. ನಿಮ್ಮಜ್ಜಿಗೆ ತಂಗಿ, ನನಗೆ ಅಕ್ಕ.”

ಸೆವಿ ಆ ಹೆಸರನ್ನು ಎಂದೂ ಕೇಳಿರಲಿಲ್ಲ. ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ರಿಗೊಪೂಲಾ ಕಾಫಿಗೆ ನೀರಿಟ್ಟು, ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಏಳನೇ ವರ್ಷದಿಂದ ಕಲಿತ್ಸಾ ಮನೆಯ ನೀರು, ಸೌದೆ, ಹಿಟ್ಟು ಎಲ್ಲವನ್ನೂ ಬಲಹೆಗಲಿನ ಮೇಲೆಯೇ ಹೊತ್ತಳು. ಸೆವಾಸ್ತಿಯ ಉಡುಪಿಗೆ ಕಸೂತಿ ಹಾಕಿದವಳೂ ಅವಳೇ, ಹೊಲದ ಕೆಲಸ ಮುಗಿಸಿ ಬಂದು. ಸೆವಾಸ್ತಿಯ ಮದುವೆ ಈಸ್ಟರ್ ಕಳೆದ ಭಾನುವಾರ ಎಂದು ಗೊತ್ತಾಗಿತ್ತು. ಉಪವಾಸದ ಮುಂಚಿನ ಇದೇ ವಾರದಲ್ಲಿ ಕಲಿತ್ಸಾಳಿಗೆ ಜ್ವರ ಬಂತು. ಕಡಲು ಕೆರಳಿತ್ತು, ದೋಣಿ ಬರಲಿಲ್ಲ, ಡಾಕ್ಟರೂ ಬರಲಿಲ್ಲ. ಹತ್ತೊಂಬತ್ತಕ್ಕೆ ಹೋದಳು.

“ಮದುವೆಯಾಗದೆ ಸತ್ತ ಹುಡುಗಿನ ಮದುಮಗಳ ಹಾಗೆ ಸಿಂಗರಿಸಿ ಮಣ್ಣಿಗೆ ಕೊಡಬೇಕು. ನಿನಗೂ ಗೊತ್ತು. ಆದ್ರೆ ಮನೇಲಿ ಇದ್ದದ್ದು ಒಂದೇ ಉಡುಪು. ಅದಕ್ಕೆ ಆಗಲೇ ಒಡತಿ ಇದ್ದಳು.”

“ಏನು ಉಡಿಸಿದ್ರು?”

“ಸೌದೆ ತರೋವಾಗ ಹಾಕ್ತಿದ್ದಳಲ್ಲ, ಆ ಕಪ್ಪು ಅಂಗಿ. ತಲೆ ಮೇಲೆ ಮೇಣದ ಹೂವಿನ ಕಿರೀಟ ಇಟ್ಟರು. ನಮ್ಮಮ್ಮ ಅವತ್ತು ಎರಡೂ ಕೈನ ಶಾಲಿನೊಳಗೆ ಮುಚ್ಚಿಕೊಂಡಿದ್ದಳು. ಬೆರಳೆಲ್ಲ ಸೂಜಿ ಚುಚ್ಚಿ ಗಾಯ ಆಗಿತ್ತು. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನು ಆಗ ಚಿಕ್ಕೋಳು.”

ಕಾಫಿ ಉಕ್ಕಿ ಒಲೆಗೆ ಚೆಲ್ಲಿತು. ರಿಗೊಪೂಲಾ ಒರೆಸಲಿಲ್ಲ. ಕನ್ನಡಕ ಹಾಕಿಕೊಂಡು, ಉಡುಪನ್ನು ಮಗುಚಿ, ಬಗಲಿನ ಒಳಪದರದ ಹೊಲಿಗೆಯನ್ನು ಬಿಚ್ಚತೊಡಗಿದಳು. ತಾನು ಕಸುಬು ಕಲಿಯುವಾಗ ಇದೇ ಉಡುಪಿನ ಮೇಲೆ ಕಾಗದ ಹಾಸಿ ಮೊದಲ ಅಳತೆ ತೆಗೆದಿದ್ದಳು. ಊರಿನ ಅಷ್ಟೂ ಉಡುಪು ಅದೇ ಅಳತೆಯಿಂದ ಹುಟ್ಟಿದವು. ಆದರೆ ಒಳಪದರ ಬಿಚ್ಚಿ ನೋಡುವ ಧೈರ್ಯವನ್ನು ಮಾತ್ರ ಅವಳು ಮಾಡಿರಲಿಲ್ಲ.

ಒಳಗೆ, ಈಗಿರುವ ಹೊಲಿಗೆಯಿಂದ ಮೂರು ಬೆರಳು ಈಚೆ, ರೇಷ್ಮೆಯ ಮೇಲೆ ಸಣ್ಣ ತೂತುಗಳ ಸಾಲೊಂದಿತ್ತು. ಬಗಲಿನಿಂದ ಸೊಂಟದವರೆಗೆ, ಎರಡೂ ಕಡೆ. ಬಲಹೆಗಲಿನಲ್ಲೂ, ಇಳಿಜಾರಾಗಿ. ಯಾರೋ ಈ ಉಡುಪನ್ನು ಒಮ್ಮೆ ಸಣ್ಣ ಮೈಗೆ ಹಿಡಿಸಿ ಹೊಲಿದು, ಮತ್ತೆ ಬಿಚ್ಚಿ, ಮೊದಲಿನಂತೆ ದೊಡ್ಡದು ಮಾಡಿದ್ದರು.

“ಅಮ್ಮನ ಹೊಲಿಗೆ” ಎಂದಳು ರಿಗೊಪೂಲಾ. ತೂತಿನಿಂದ ತೂತಿಗೆ ಬೆರಳು ಸರಿಸಿದಳು. “ಕಲಿತ್ಸಾಗೆ ಅಂತಲೇ ಹಿಡಿದಳು. ಆಮೇಲೆ ಕೊಡೋಕೆ ಕೈ ಬರಲಿಲ್ಲ. ಬಿಚ್ಚಿಬಿಟ್ಟಳು. ಕೊಟ್ಟು ಕಿತ್ತುಕೊಂಡ ಹಾಗಾಯ್ತು ಕೂಸೇ. ಕೊಡದೇ ಇದ್ದಿದ್ರೆ ಅವಳು ಸುಮ್ಮನೆ ಇರ್ತಿದ್ದಳು. ಸುಮ್ಮನಿರೋದು ಅವಳಿಗೆ ಅಭ್ಯಾಸ.”

ಸೆವಿ ದಡ್ಡಿಯಲ್ಲ. ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಾಗಿತ್ತು.

“ಹೊಸದೊಂದು ಹೊಲಿಯೋಣ. ಅವಳ ಅಳತೆಗೇ. ಒಳ್ಳೇ ರೇಷ್ಮೆ ನಾನು ಕೊಡಿಸ್ತೀನಿ. ಅಥೆನ್ಸ್‌ನಲ್ಲಿ ನಾನು ಮಾಡೋ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಕೊನೇ ಉಡುಪು ಚಿಕ್ಕಜ್ಜಿ. ಎಲ್ಲಾ ಹೊಸದನ್ನ ತೋರಿಸಿ ಆದ್ಮೇಲೆ, ಇದು ಒಂದೇ ಬರತ್ತೆ. ಜನ ಇದಕ್ಕೋಸ್ಕರ ಬರೋದು.”

“ಹೊಸದು ಅವಳು ಯಾವತ್ತೂ ಕೇಳಿಲ್ಲ.”

“ನೀನು ಕೊಡು ಅಂದ್ರೆ ಕೊಡ್ತೀನಿ.”

“ನಾನು ಯಾರು ಹೇಳೋಕೆ? ನನ್ನದಾಗಿದ್ರೆ ಅರವತ್ತು ವರ್ಷದ ಹಿಂದೆಯೇ ಕೊಡ್ತಿದ್ದೆ. ಹಿರಿಮಗಳದ್ದು ಹಿರಿಮಗಳೇ ಕೊಡಬೇಕು. ಸೆವಾಸ್ತಿ ಸಾಯೋವರೆಗೂ ಕೊಡಲಿಲ್ಲ, ನಿಮ್ಮಮ್ಮನಿಗೆ ವಿಷಯವೇ ಗೊತ್ತಿಲ್ಲ. ಈಗ ಅದು ನಿನ್ನದು, ನೀನೇ ಯೋಚನೆ ಮಾಡು. ನನಗೆ ಗೋಧಿ ನೆನೆಸೋದಿದೆ.”

ರಿಗೊಪೂಲಾ ಒಳಗೆ ಹೋದಳು. ಗೋಧಿಯಲ್ಲಿನ ಕಲ್ಲು ಆರಿಸುತ್ತಿದ್ದಂತೆ ಹೊರಗಿನ ಕೋಣೆಯಲ್ಲಿ ನಾಣ್ಯಗಳ ಸಣ್ಣ ಸದ್ದು ಕೇಳಿತು. ಸರ ಹಾಕಿಕೊಂಡ ಹೆಣ್ಣೊಬ್ಬಳು ಜೋಪಾನವಾಗಿ ಹೆಜ್ಜೆ ಇಡುವಾಗ ಆಗುವ ಸದ್ದು. ಸರ ಅಥೆನ್ಸ್‌ನ ಬ್ಯಾಂಕಿನಲ್ಲಿತ್ತು. ಅವಳು ಕೈ ನಿಲ್ಲಿಸಿ ಕೇಳಿದಳು. ಹೆದರಿಕೆಯಾಗಲಿಲ್ಲ. ಪಕ್ಕದ ಮನೆಯ ಸದ್ದು ಕೇಳಿದಂತೆ ಅದನ್ನು ಅವಳು ವರ್ಷಗಟ್ಟಲೆ ಕೇಳಿದ್ದಳು.

ಹೊರಗೆ ಬಂದಾಗ ಸೆವಿ ಕನ್ನಡಿಯ ಮುಂದೆ ಉಡುಪು ತೊಟ್ಟು ನಿಂತಿದ್ದಳು. ಮುಖ ಬಿಳಿಚಿತ್ತು. ಬಲಹೆಗಲು ಬಾಗಿತ್ತು, ನೇರ ಮಾಡಲು ಅವಳಿಗೆ ಆಗುತ್ತಿರಲಿಲ್ಲ.

“ಭಾರ” ಅಂದಳು. “ಸೌದೆ ಹೊರೆ ಇಟ್ಟ ಹಾಗಿದೆ. ಏಳು ವರ್ಷದ ಮಗು ಇದನ್ನ ಹೊರ್ತಿತ್ತಾ?”

“ದಿನಕ್ಕೆ ಎರಡು ಸಲ. ಈಗ ನಿನ್ನದಾಗಿರೋ ಮನೆಗೇ.”

ಸೆವಿ ತಾನೇ ಗುಂಡಿ ಬಿಚ್ಚಿ ಉಡುಪು ಕಳಚಿ, ಮಡಿಸಿ, ರಿಗೊಪೂಲಾಳ ತೊಡೆಯ ಮೇಲಿಟ್ಟಳು. “ಅವಳ ಅಳತೆಗೆ ಹಿಡಿ ಚಿಕ್ಕಜ್ಜಿ. ಪ್ರದರ್ಶನ ಕೊನೇ ಉಡುಪಿಲ್ಲದೆ ಮುಗಿಯಲಿ.”

ಶುಕ್ರವಾರವೆಲ್ಲ ಹೊಲಿಗೆ ನಡೆಯಿತು. ಮಿನಾಸ್ ಬಂದು, ಅದು ಯಾರಿಗೆಂದು ಕೇಳಿ ತಿಳಿದು, ಕುರ್ಚಿಯಲ್ಲಿ ಕೂರದೆ ಅಂಗಡಿಗೆ ಮರಳಿದ. ಸೂಜಿಗೆ ದಾರಿ ತೋರಿಸಬೇಕಾಗಲಿಲ್ಲ. ಅಮ್ಮನ ತೂತುಗಳನ್ನು ತಾನೇ ಹುಡುಕಿಕೊಂಡು ಹೋಯಿತು. ಬಲಹೆಗಲಿಗೆ ಬಂದಾಗ ರಿಗೊಪೂಲಾ ಅಭ್ಯಾಸದಂತೆ ಮಡಿಕೆಯ ಬಟ್ಟೆಗೆ ಕೈ ಹಾಕಿ, ಹಿಂದೆ ತೆಗೆದಳು. ಆ ಹೆಗಲು ಇಳಿದಂತೆಯೇ ಇರಬೇಕಿತ್ತು.

ಶನಿವಾರ ಬೆಳಿಗ್ಗೆ ಹೆಂಗಸರೆಲ್ಲ ಗೋಧಿಯ ತಟ್ಟೆ ಹಿಡಿದು ಚರ್ಚಿನಿಂದ ಹೊರಬಂದ ಮೇಲೆ ಇಬ್ಬರೂ ಸ್ಮಶಾನದ ಪಕ್ಕದ ಚಿಕ್ಕ ಗುಡಿಗೆ ಹೋದರು. ಹೂತು ಕೆಲವು ವರ್ಷವಾದ ಮೇಲೆ ಅಲ್ಲಿನ ರೂಢಿಯಂತೆ ಮಣ್ಣಿನಿಂದ ತೆಗೆದು ತೊಳೆದ ಎಲುಬುಗಳ ಪೆಟ್ಟಿಗೆಗಳು ಅಲ್ಲಿದ್ದವು. ಅದನ್ನು ಗುಡಿಸುವವಳು ರಿಗೊಪೂಲಾಳೇ, ಒಂದು ಬೀಗದ ಕೈಯೂ ಅವಳ ಹತ್ತಿರ ಇತ್ತು. ಹುಡುಗಿಯಾಗಿದ್ದಾಗ ಅಮ್ಮನ ಜೊತೆ ಕೂತು ಕಲಿತ್ಸಾಳ ಎಲುಬುಗಳನ್ನು ದ್ರಾಕ್ಷಾರಸದಲ್ಲಿ ತೊಳೆದಿದ್ದಳು. ಬಲಗಡೆಯ ಕೊರಳೆಲುಬು ಬಾಗಿದ್ದು ಅವಳಿಗೆ ಅಂದಿನಿಂದಲೂ ನೆನಪಿತ್ತು. ಈಗ ಅದನ್ನು ಎತ್ತಿ ಸೆವಿಯ ಕೈಗೆ ಕೊಟ್ಟಳು. ಸೆವಿ ಅದನ್ನು ಉಡುಪಿನ ಬಲಹೆಗಲಿನೊಳಗೆ ಇಟ್ಟಳು. ಸರಿಯಾಗಿ ಕೂತಿತು. ಉಳಿದವನ್ನು ಒಂದೊಂದಾಗಿ ಒಳಗಿಟ್ಟು, ತೋಳುಗಳನ್ನು ಎದೆಯ ಮೇಲೆ ಮಡಿಸಿ, ಹೊಸ ಪೆಟ್ಟಿಗೆಯಲ್ಲಿ ಮಲಗಿಸಿದರು. ಪೆಟ್ಟಿಗೆಯ ಪಕ್ಕದಲ್ಲಿ ಮದುಮಗಳ ಬೂಟು ಒಂದು ಜೊತೆ ಇತ್ತು, ಹೊಸದಾಗಿ ಸವರಿದ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಬೀಗದ ಕೈ ಮಿನಾಸನ ಹೆಂಡತಿಯ ಹತ್ತಿರವೂ ಒಂದಿತ್ತು.

“ಹೋಗ್ತೀಯಾ ಅಕ್ಕಾ” ಅಂದಳು ರಿಗೊಪೂಲಾ. ಮುಚ್ಚಳ ಹಾಕಿದಳು. ಹೊರಗೆ ಗಾಳಿ ಬೀಸುತ್ತಲೇ ಇತ್ತು.

ಮುಂದಿನ ವಾರ ಅಥೆನ್ಸ್‌ನಿಂದ ಸೆವಿಯ ಫೋನು ಬಂತು. ಹೊಸದಾಗಿ ಕತ್ತರಿಸಿದ ಕೋಟುಗಳೆಲ್ಲ ನೆಟ್ಟಗೆ ಕೂರುತ್ತಿವೆ, ಕೋಟು ಮುಟ್ಟಲ್ಲ ಅಂದವಳೂ ಕೆಲಸಕ್ಕೆ ಬಂದಿದ್ದಾಳೆ ಎಂದಳು. ಸೆವಿಯ ಅಮ್ಮ ಮಾತ್ರ ಉಡುಪಿನ ಸುದ್ದಿ ಕೇಳಿ ಮಾತು ಬಿಟ್ಟಿದ್ದಾಳಂತೆ.

ಫೋನಿಟ್ಟು ರಿಗೊಪೂಲಾ ಕೈಯಲ್ಲಿದ್ದ ಬೇರೊಬ್ಬ ಮದುಮಗಳ ಉಡುಪಿಗೆ ಮರಳಿದಳು. ಬಲಹೆಗಲಿಗೆ ಮಡಿಕೆ ಇಟ್ಟಳು. ಗೊಂಬೆಗೆ ತೊಡಿಸಿದಾಗ ಆ ಹೆಗಲು ಮೇಲಕ್ಕೆ ಉಬ್ಬಿ ನಿಂತಿತು. ಮಡಿಕೆ ತೆಗೆದಳು. ಉಡುಪು ಸಮನಾಗಿ ಕೂತಿತು. ಅಂಗೈ ಇಟ್ಟು ನೋಡಿದಳು. ಗುಳಿ ಇರಲಿಲ್ಲ, ತಣ್ಣಗೂ ಇರಲಿಲ್ಲ, ಬರೀ ಬಟ್ಟೆ. ಆ ಮಧ್ಯಾಹ್ನ ನಾಣ್ಯದ ಸದ್ದೂ ಕೇಳಲಿಲ್ಲ.

ಸೆವಿಗೆ ನಲವತ್ತು ಕೋಟು ದಕ್ಕಿತು, ಮನೆತನದ ಉಡುಪು ಹೋಯಿತು. ಕಲಿತ್ಸಾಳಿಗೆ ಅವಳದು ಸಿಕ್ಕಿತು. ರಿಗೊಪೂಲಾಳಿಗೆ ಇಷ್ಟು ವರ್ಷ ಜೊತೆಗಿದ್ದ ಅಕ್ಕ ಎರಡನೆಯ ಸಲ ಹೋದಳು.