ಯಾಕಮ್ಮ ಬಾಯಿ ಮುಚ್ಚಿದ ದಿನ

ಮನೆಯಲ್ಲಿ ನನಗೆ ಯಾಕಮ್ಮ ಎಂದೇ ಹೆಸರು. ಫ್ಯಾನ್ ನಿಂತರೆ ಯಾಕೆ, ನಲ್ಲಿ ಸೋರಿದರೆ ಯಾಕೆ ಎಂದು ಎಲ್ಲರ ಪ್ರಾಣ ತಿನ್ನುತ್ತಿದ್ದವಳು ನಾನು. ಆ ಹೆಸರಿಟ್ಟವನು ಅಣ್ಣ. ಲಿಫ್ಟ್ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂದಾಗ ಹೆದರಿದವನೂ ಅವನೇ.

"ಅಲ್ಲಿ ಹೋಗಿ ನಿನ್ನ ಯಾಕೆ ಶುರು ಹಚ್ಕೋಬೇಡ. ಅವರು ಕೇಳ್ತಾರೆ, ನೀನು ಹೇಳ್ಬೇಕು, ಅಷ್ಟೆ. ತಿರುಗಿ ಕೇಳಿದ್ರೆ ಗೊತ್ತಿಲ್ಲ ಅಂತ ಲೆಕ್ಕ. ಕೊನೇಲಿ ಏನಾದ್ರೂ ಕೇಳೋದಿದ್ಯಾ ಅಂತಾರೆ. ಏನೂ ಇಲ್ಲ ಸರ್ ಅಂದು ಎದ್ದು ಬಾ."

ಅಣ್ಣ ಮೋಟಾರ್ ರಿಪೇರಿ ಅಂಗಡಿಯಲ್ಲಿ ದುಡಿಯುತ್ತಾನೆ. ಹಿಂದೆ ಅವನೂ ಒಂದು ಲಿಫ್ಟ್ ಕೆಲಸದ ಇಂಟರ್‌ವ್ಯೂಗೆ ಹೋಗಿ, ಏನೋ ಕೇಳಿ, ನಗೆಪಾಟಲಾಗಿ ಬಂದಿದ್ದ. ಏನು ಕೇಳಿದನೆಂದು ಯಾರಿಗೂ ಹೇಳಿರಲಿಲ್ಲ. ನನಗೆ ಹಾಗಾಗಬಾರದು ಎಂಬುದಷ್ಟೇ ಅವನ ಆಸೆ. ಮೆಕ್ಯಾನಿಕ್ ಓದು ಮುಗಿಸಿ, ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತ ಕೂತು ನನ್ನ ಕೈಗೆ ತುಕ್ಕು ಹಿಡಿದಿತ್ತು. ಯಂತ್ರದ ಕೆಲಸ ಸಿಗುವುದಾದರೆ ಬಾಯಿಗೆ ಬೀಗ ಹಾಕಲೂ ನಾನು ತಯಾರು.

ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಕನ್ನಡಕದ ಇಂಜಿನಿಯರಮ್ಮ.

"ಒಂದು ಆಸ್ಪತ್ರೆ ಲಿಫ್ಟು. ಮೂರನೇ ಮಹಡೀಲಿ ನೆಲಕ್ಕಿಂತ ನಾಲ್ಕು ಬೆರಳು ಕೆಳಗೆ ನಿಲ್ತಿದೆ. ಏನ್ಮಾಡ್ತೀರಿ?"

ಅಷ್ಟು ಹೇಳಿ ಕುರ್ಚಿಗೆ ಒರಗಿದರು. ಯಾವಾಗಿನಿಂದ ಹೀಗೆ? ಕೊನೆಯ ಸಲ ಅದಕ್ಕೆ ಕೈ ಹಾಕಿದ್ದು ಯಾರು? ಎರಡೂ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

"ಬ್ರೇಕ್ ಸವೆದಿರುತ್ತೆ. ಹೊಸದು ಹಾಕ್ತೀನಿ."

ಅವರು ಕಾದರು. "ಏನಾದ್ರೂ ಕೇಳೋದಿದ್ಯಾ?"

"ಏನೂ ಇಲ್ಲ ಸರ್." ಅಣ್ಣ ಬಾಯಿಪಾಠ ಮಾಡಿಸಿದ್ದು ಹಾಗೇ ಉದುರಿತು, ಸರ್ ಸಮೇತ.

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಬ್ರೇಕ್ ಹೊಸದೇ ಕಣಮ್ಮ. ಅದನ್ನ ಹಾಕಿದ್ಮೇಲೇ ಹೀಗಾಗ್ತಿರೋದು, ಸರಿಯಾಗಿ ಕೂರಿಸಿಲ್ಲ. ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ತೀರಾ ಅಂತಲೇ ಕಾಯ್ತಿದ್ದೆ. ಕೇಳದೆ ಕೈ ಹಾಕೋರನ್ನ ಲಿಫ್ಟ್ ಹತ್ರ ಬಿಡಕ್ಕಾಗಲ್ಲ."

ನಾಲಿಗೆಯ ತುದಿಯಲ್ಲೇ ಇತ್ತು ಎಂದರೆ ಯಾರು ನಂಬುತ್ತಾರೆ? ಹುಟ್ಟಿದಾಗಿನಿಂದ ಬಾಯಿ ಮುಚ್ಚದವಳು, ಬಾಯಿ ಬಿಡಬೇಕಾದ ಒಂದೇ ಒಂದು ಕಡೆ ಮುಚ್ಚಿಕೊಂಡಿದ್ದೆ. ಐದು ಮಹಡಿ ಮೆಟ್ಟಿಲಿಳಿದೇ ಬಂದೆ. ಅವರ ಲಿಫ್ಟ್ ಹತ್ತಲು ಮುಖವಿರಲಿಲ್ಲ.

ಅಣ್ಣ ಬಾಗಿಲಲ್ಲೇ ನಿಂತಿದ್ದ. "ತಿರುಗಿ ಏನೂ ಕೇಳ್ಲಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಕೆಲಸ ಸಿಕ್ಕಂಗೇ ಬಿಡು!"

"ಸಿಗಲಿಲ್ಲ ಅಣ್ಣ."

ಅವನ ಮುಖ ಸಣ್ಣದಾಯಿತು. ನನಗೆ ಕೋಪವಿತ್ತು, ಸುಳ್ಳೇಕೆ ಹೇಳಲಿ. ನಿನ್ನಿಂದಲೇ ಹೋಯಿತು ಎಂದು ಮುಖಕ್ಕೆ ಹೊಡೆದಂತೆ ಹೇಳಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದಕ್ಕೂ ಮೊದಲು ಕೇಳಿದೆ.

"ಆವತ್ತು ನೀನು ಏನು ಕೇಳಿದ್ದೆ?"

"ಅಯ್ಯೋ, ಅದ್ಯಾಕೀಗ? ಲಿಫ್ಟು ಕೆಟ್ಟಿದೆ, ಏನ್ಮಾಡ್ತೀಯ ಅಂದ್ರು. ಕೊನೇ ಸಲ ಅದಕ್ಕೆ ಕೈ ಹಾಕಿದ್ದು ಯಾರು ಸರ್ ಅಂದೆ. ಇಂಟರ್‌ವ್ಯೂ ನಿಂಗೋ ನಮಗೋ ಅಂತ ಮೂರೂ ಜನ ಬಿದ್ದು ಬಿದ್ದು ನಕ್ರು."

ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಅಲ್ಲೇ ಬಿಟ್ಟೆ. ಆವತ್ತು ಇವನೆದುರು ಆ ಇಂಜಿನಿಯರಮ್ಮ ಕೂತಿರಬಾರದಿತ್ತೇ ಎನಿಸಿತು.

"ಯಾಕೆ ಕೇಳ್ದೆ?" ಎಂದ.

"ಸುಮ್ನೆ."

ಅವನು ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ.