ಹಾಡು ನಿಲ್ಲುವ ಜಾಗ

ಮಾಂಸದ ಅಂಗಡಿಯಲ್ಲಿ ಎಲುಬು ಕಡಿಯುವಾಗ ಅಕ್ಕನ ಬಾಯಲ್ಲಿ ಯಾವಾಗಲೂ ಅದೇ ಹಾಡು. ಹಾಡಿದವರು ಮೂವರು ಹುಡುಗಿಯರು, ಒಬ್ಬ ಹುಡುಗ. ಗುಲಾಬಿ ಕೂದಲು, ಬೆಳ್ಳಿ ಬಣ್ಣದ ಬೂಟು, ಕುಣಿದರೆ ಚೆಂಡು ಪುಟಿದ ಹಾಗೆ. ಅರ್ಥ ಹುಡುಕಿದರೆ ಚಿಟಿಕೆಯಷ್ಟೂ ಸಿಗದು. ಐಸ್‌ಕ್ರೀಮು, ಸೈಕಲ್ಲು, ನಿನ್ನ ಕೆನ್ನೆ, ಅಷ್ಟೇ. ಅಕ್ಕನಿಗೆ ಅದೇ ಪ್ರಾಣ.

"ನಲವತ್ತು ದಾಟ್ತು, ಇನ್ನೂ ಚಾಕಲೇಟ್ ಹಾಡು!" ಎಂದು ಅಂಗಡಿಯ ಯಜಮಾನ ರೇಗಿಸುತ್ತಿದ್ದ.

"ದಿನಾ ನಿಮ್ಮ ಮುಖ ನೋಡ್ಬೇಕಲ್ಲ ಯಜಮಾನ್ರೇ, ಬಾಯಿಗಾದ್ರೂ ಸಿಹಿ ಬೇಡ್ವಾ?"

ನಗುವಾಗಲೂ ಅವಳ ಮಚ್ಚು ತಾಳ ತಪ್ಪುತ್ತಿರಲಿಲ್ಲ.

ಆ ಹಾಡು ಅವಳಿಗೆ ಅಂಟಿಕೊಂಡದ್ದು ಅಪ್ಪನ ಕಾಲದಲ್ಲಿ. ಅಪ್ಪ ಕುಡಿದು ಬಂದು ಅಮ್ಮನ ಜುಟ್ಟು ಹಿಡಿದನೆಂದರೆ, ಅಕ್ಕ ತಂಗಿಯನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ ಟೇಪ್ ರೆಕಾರ್ಡರಿನ ಕಿವಿ ಹಿಂಡುತ್ತಿದ್ದಳು. ಇಬ್ಬರೂ ಮಂಚ ಹತ್ತಿ ಕುಣಿಯುತ್ತಿದ್ದರು. ಆಚೆ ಅಮ್ಮನ ತಲೆ ಗೋಡೆಗೆ ಬಡಿಯುತ್ತಿದ್ದರೆ ಈಚೆ ಗುಲಾಬಿ ಕೂದಲಿನವರು ನಗುತ್ತಿದ್ದರು. ಆದರೆ ಪಲ್ಲವಿಗೆ ಮುಂಚೆ ಹಾಡು ಒಂದು ಉಸಿರಿನಷ್ಟು ಹೊತ್ತು ಪೂರ್ತಿ ನಿಂತುಬಿಡುತ್ತಿತ್ತು. ಆ ಸಂದಿನಲ್ಲಿ ಅಮ್ಮನ ಕೂಗು ಒಳಗೆ ನುಗ್ಗುತ್ತಿತ್ತು. ಅದಕ್ಕೇ ಅಕ್ಕ ಅಲ್ಲಿ ಅಂಗೈ ಉರಿಯುವಂತೆ ಚಪ್ಪಾಳೆ ತಟ್ಟುತ್ತಿದ್ದಳು. ಚಪ್ಪಾಳೆಯೂ ಹಾಡಿನದೇ ಎಂದು ತಂಗಿ ಎಷ್ಟೋ ಕಾಲ ನಂಬಿದ್ದಳು.

ತಂಗಿಯ ಮದುವೆಗೆ ಅಕ್ಕ ಕೊಟ್ಟದ್ದು ಎದೆಯೆತ್ತರದ ಎರಡು ಸ್ಪೀಕರು. "ಇನ್ಮೇಲೆ ಖುಷಿಗೆ ಕುಣಿಯೇ," ಎಂದಿದ್ದಳು.

ಅವತ್ತು ಕರೆಂಟು ಹೋಗಿ ಅಂಗಡಿ ಮಧ್ಯಾಹ್ನವೇ ಮುಚ್ಚಿತು. ಸಾಣೆ ಹಿಡಿಸಲೆಂದು ಮಚ್ಚನ್ನು ಚೀಲಕ್ಕೆ ಹಾಕಿಕೊಂಡ ಅಕ್ಕ, ದಾರಿಯಲ್ಲೇ ಇದ್ದ ತಂಗಿಯ ಬೀದಿಗೆ ತಿರುಗಿದಳು. ಆ ಬೀದಿಯಲ್ಲಿ ಕರೆಂಟಿತ್ತು. ಹಾಡೂ ಇತ್ತು. ಮಹಡಿಯ ಕಿಟಕಿಯ ಗಾಜು ನಡುಗುತ್ತಿತ್ತು. ಅಕ್ಕನ ಕಾಲು ತಾನಾಗಿ ಹೆಜ್ಜೆ ಹಾಕಿತು.

"ನಿಮ್ಮ ತಂಗಿ ಮನೇಲಿ ಹಾಡಿನ ಹುಚ್ಚು ಭಾರಿ ಅಕ್ಕಾ," ಎಂದ ಕೆಳಗಿನ ಇಸ್ತ್ರಿ ಅಂಗಡಿಯವನು. "ಗಂಡ ಬಂದ ಅಂದ್ರೆ ನಮ್ಮ ಕಿವಿ ತೂತು."

"ಗಂಡ ಬಂದ್ರೆ ಮಾತ್ರಾನಾ?"

"ಹಾಕೋನೇ ಅವನಲ್ವಾ? ಅವನು ಹೊರಗೆ ಹೋದ್ರೆ ಮನೇಲಿ ಜನ ಇದಾರೋ ಇಲ್ವೋ ಗೊತ್ತಾಗಲ್ಲ."

ಹಾಡು ಏರುತ್ತ ಏರುತ್ತ ಪಲ್ಲವಿಯ ಹೊಸ್ತಿಲಿಗೆ ಬಂದು ನಿಂತಿತು. ಒಂದು ಮೆತ್ತನೆಯ ಬಡಿತ. ಆಮೇಲೆ, "ಅಮ್ಮಾ." ಅಷ್ಟರಲ್ಲಿ ಪಲ್ಲವಿ ಬಂದು ಎಲ್ಲವನ್ನೂ ಮುಚ್ಚಿತು. ಇಸ್ತ್ರಿಯವನು ತಲೆಯಾಡಿಸುತ್ತ ಅಂಗಿ ತಿರುವಿಹಾಕಿದ. ಅವನಿಗೆ ಏನೂ ಕೇಳಿಸಿರಲಿಲ್ಲ. ಅಲ್ಲಿ ಕಿವಿ ಇಡಬೇಕೆಂದು ಗೊತ್ತಿದ್ದದ್ದು ಅಕ್ಕನಿಗೊಬ್ಬಳಿಗೇ.

ಅವಳು ಮೆಟ್ಟಿಲು ಹಾರಿಕೊಂಡು ಹತ್ತಿದಳು. ಬಾಗಿಲು ಒಳಗಿಂದ ಹಾಕಿತ್ತು. ಚಿಲಕದ ಪಕ್ಕದ ಮರವನ್ನು ತೊಡೆಯ ಮೂಳೆಯಂತೆ ಕಡಿದು ಒದ್ದಳು. ತಂಗಿಯ ಕೂದಲು ಗಂಡನ ಎಡಗೈಗೆ ಸುತ್ತಿಕೊಂಡಿತ್ತು. ಅವನ ಬಲಗೈಯಲ್ಲಿ ಕುಕ್ಕರಿನ ಮುಚ್ಚಳ. ತಂಗಿಯ ತುಟಿ ಸೀಳಿ ಹಲ್ಲು ಕಾಣುತ್ತಿತ್ತು.

"ಅತ್ತಿಗೆ, ಇದು ಗಂಡ ಹೆಂಡ್ತಿ ವಿಷಯ. ಮಧ್ಯ ಬರ್ಬೇಡಿ," ಎಂದು ಅವನು ಹಾಡಿನ ಮೇಲೆ ಕಿರುಚಿದ.

"ಮಧ್ಯ ಎಲ್ಲಪ್ಪಾ ಬಂದೆ? ಮೊದಲಿಂದಾನೂ ಇಲ್ಲೇ ಇದೀನಿ."

ಮುಚ್ಚಳ ಬೀಸಿ ಬಂತು. ಅಕ್ಕನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ಮಚ್ಚನ್ನು ತಿರುವಿ ಹಿಡಿದಳು. ಮೂಳೆ ಮುರಿಯಲು ಅಲಗು ಬೇಡ, ಬೆನ್ನು ಸಾಕು. ಮೊದಲ ಏಟಿಗೆ ಅವನ ಮಣಿಕಟ್ಟು ಹೋಯಿತು. ಅವನು ತಂಗಿಯ ಕೂದಲು ಬಿಟ್ಟು ಅಕ್ಕನ ಕುತ್ತಿಗೆಗೆ ಕೈ ಹಾಕಿದ. ಆ ಮೊಣಕೈಯೂ ಹೋಯಿತು. ಮೂರನೆಯದು ಮಂಡಿಗೆ. ನೆಲಕ್ಕೆ ಬಿದ್ದವನ ಎದೆಯ ಮೇಲೆ ಕಾಲೂರಿ ಅಕ್ಕ ಅಲಗನ್ನು ಕೆಳಗೆ ಮಾಡಿದಳು. ಅವಳ ಕಣ್ಣಿಗೆ ಅಲ್ಲಿ ಅಪ್ಪನ ಕುತ್ತಿಗೆ ಕಾಣುತ್ತಿತ್ತು.

ಆಗಲೇ ಹಾಡು ಮತ್ತೆ ನಿಂತಿತು. ಆ ಸಂದಿನಲ್ಲಿ ಒಂದು ಕೂಗು ಎದ್ದಿತು, ಈ ಸಲ ಅವನದು. ಪಕ್ಕದಲ್ಲಿ ತಂಗಿ ಇದ್ದಾಳೆ, ಅವಳಿಗೆ ಕೇಳಿಸಬಾರದು. ಅಕ್ಕನ ಎರಡು ಕೈಯೂ ಹಳೆಯ ಚಪ್ಪಾಳೆಗೆ ತಾವಾಗಿ ಬಿಚ್ಚಿಕೊಂಡವು. ಮಚ್ಚು ನೆಲಕ್ಕೆ ಬಿತ್ತು.

ತಂಗಿ ತೆವಳಿ ಬಂದು ಆ ಕೈಗಳನ್ನು ಹಿಡಿದುಕೊಂಡಳು.

"ತಟ್ಬೇಡ ಅಕ್ಕಾ. ಕೇಳ್ಲಿ. ಬೀದಿಗೆಲ್ಲ ಕೇಳ್ಲಿ."

ಕೈ ಚಾಚಿ ಸ್ಪೀಕರಿನ ವೈರು ಕಿತ್ತಳು. ಪಲ್ಲವಿ ಅರ್ಧದಲ್ಲೇ ಸತ್ತಿತು. ಅವನ ಕೂಗು ಕಿಟಕಿ ದಾಟಿ ಕೆಳಗಿಳಿಯಿತು, ಅದರ ಬೆನ್ನಿಗೇ ಇಸ್ತ್ರಿಯವನ ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿ ಬರತೊಡಗಿತು.