ಬಿಕ್ಕಳಿಕೆಯ ಮದ್ದು, ಕುರುಡುಮಲೆಯ ಚಪ್ಪಲಿ

ನನ್ನ ನೆನಪಿನ ಮೇಲೆ ಅನುಮಾನ ಪಡುವವರು ಮೊದಲು ತಾವು ಹೋದ ಸಲ ಗುಡಿಯಿಂದ ಯಾರ ಚಪ್ಪಲಿ ಮೆಟ್ಟಿಕೊಂಡು ಬಂದಿರಿ ಅನ್ನುವುದನ್ನು ನೆನಪು ಮಾಡಿಕೊಳ್ಳಿ. ಆಮೇಲೆ ನನ್ನ ತಂಟೆಗೆ ಬನ್ನಿ. ಹಿಂದಿನ ಕಥೆಯನ್ನು ಫೋನಿನಲ್ಲಿ ಮಾತಾಡಿ ಗುಂಪಿಗೆ ಕಳಿಸಿದಾಗ ಒಬ್ಬ ಭೂಪ 'ತಾತಂಗೆ ಅರಳುಮರಳು' ಎಂದು ಬರೆದು, ಕೆಳಗೆ ನಗುವ ಮುಖ ಬೇರೆ ಅಂಟಿಸಿದ್ದಾನೆ. ಲೇ, ನಿನ್ನೆ ಏನು ಉಂಡೆ ಅಂತ ಕೇಳಿದರೆ ಹೆಂಡತಿಯ ಮುಖ ನೋಡುವವನು ನೀನು. ನನಗೆ ಈ ಕಥೆಯ ಉಪ್ಸಾರಿಗೆ ಯಾವ ಸೊಪ್ಪು ಹಾಕಿದ್ದರು ಅನ್ನುವುದೂ ನೆನಪಿದೆ. ದಂಟಿನ ಸೊಪ್ಪು. ತೆಪ್ಪಗೆ ಕೇಳಿ. ಬೇಗ ಮುಗಿಯಲೆಂದು ಓಡಿಸಿ ಕೇಳಬೇಡಿ, ನನ್ನ ದನಿ ಇಲಿಯ ಹಾಗಾಗುತ್ತದೆ.

ದೇವರಾಯಸಮುದ್ರದ ಸುಬ್ಬರಾಯಪ್ಪನಿಗೆ ಬಿಕ್ಕಳಿಕೆ ಹಿಡಿದದ್ದು ಒಂದು ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ. ಬೇರೆ ಯಾವ ದಿನ ಹಿಡಿದಿದ್ದರೂ ಮನೆಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆವತ್ತು ಅವನ ಒಬ್ಬಳೇ ಮಗಳು ಸಹನಳ ವೀಳ್ಯಶಾಸ್ತ್ರ. ಹುಡುಗಿಯ ತಂದೆ ಎಲೆಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು ಹಿರಿಯರ ಮುಂದೆ ಮೂರು ಸಲ 'ನಮ್ಮ ಹುಡುಗಿಯನ್ನು ನಿಮ್ಮ ಮನೆಗೆ ಕೊಡುತ್ತೇವೆ' ಅನ್ನಬೇಕು. ಹುಡುಗನ ತಂದೆ 'ಒಪ್ಪಿದೆವು' ಎಂದು ತಟ್ಟೆ ಈಸಿಕೊಳ್ಳಬೇಕು. ಕೆಲಸ ಅಷ್ಟೇ. ಆದರೆ ಹುಡುಗಿಯ ತಂದೆಯ ಮಾತು ನಡುವೆ ತುಂಡಾಗಬಾರದು. ಸೀನಾಗಲಿ ಕೆಮ್ಮಾಗಲಿ ಅಡ್ಡ ಬಂದರೆ ಸಂಬಂಧಕ್ಕೇ ಅಪಶಕುನ.

ಅದನ್ನೆಲ್ಲ ಈಗ ಯಾರು ನೋಡುತ್ತಾರೆ ಅಂತೀರಾ? ಹುಡುಗನ ಅಜ್ಜಿ ಅಶ್ವತ್ಥಮ್ಮ ನೋಡುತ್ತಿದ್ದಳು. ಶ್ರೀನಿವಾಸಪುರದ ಕಡೆಯ ಹೆಂಗಸು. ಕೋಪ ಬಂದರೆ ತೆಲುಗು, ಇನ್ನೂ ಕೋಪ ಬಂದರೆ ಮೌನ. ಮಾಲೂರಿನ ಸಂಬಂಧವೊಂದು ಕುದುರಿ, ಎಲೆಗೆ ಪಾಯಸ ಬಿದ್ದಾದ ಮೇಲೆ ಹಲ್ಲಿ ಲೊಚಗುಟ್ಟಿತೆಂದು ಎದ್ದು ಬಂದವಳು. ಪಾಯಸ ಕುಡಿಯಲಿಲ್ಲವೇ ಅಂದರೆ, ಕುಡಿದೇ ಎದ್ದಳು, ಅದು ಬೇರೆ ಮಾತು.

ಹುಡುಗ ಅಮರನಾಥ್ ಕೋಲಾರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವನು. ಮೂರು ಗಂಡುಗಳನ್ನು ಬೇಡವೆಂದಿದ್ದ ಸಹನ ಇವನನ್ನು ಕಂಡು ಬಂದ ದಿನ ಏನೂ ಹೇಳದೆ, ಯಾರೂ ಕೇಳದೆಯೇ ಎಮ್ಮೆ ಕೊಟ್ಟಿಗೆ ತೊಳೆದಿದ್ದಳು. ಸುಬ್ಬರಾಯಪ್ಪನಿಗೆ ಅಷ್ಟು ಸಾಕಿತ್ತು. ಈ ಸಂಬಂಧ ತಪ್ಪಿದರೆ ಮಗಳು ತನ್ನ ಮುಖ ನೋಡುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಂಥ ದಿನ, ಬೀಗರು ಬರುವ ಗಡಿಬಿಡಿಯಲ್ಲಿ, ಬಿಸಿ ಮುದ್ದೆಯನ್ನು ಉಪ್ಸಾರಿನ ಖಾರಕ್ಕೆ ಅದ್ದಿ ಗುಳುಂ ಎಂದು ನುಂಗಿದ. ಮುದ್ದೆ ಎದೆಯಲ್ಲಿ ಕೂತಿತು. ಹಿಕ್.

"ನಿಧಾನಕ್ಕೆ ತಿನ್ನಿ ಅಂದ್ರೆ ಕೇಳಲ್ಲ," ಅಂದಳು ಹೆಂಡತಿ ಗಂಗಾಲಕ್ಷ್ಮಿ. "ಮೂಗು ಹಿಡ್ಕೊಂಡು ಒಂಬತ್ತು ಗುಟುಕು ನೀರು ಕುಡೀರಿ."

ಕುಡಿದ. ಒಂಬತ್ತನೆಯ ಗುಟುಕಿಗೆ ಹಿಕ್ ಬಂದು ನೀರು ಮೂಗಿನಿಂದ ಹೊರಟಿತು. ಸಕ್ಕರೆ ನಾಲಗೆಯ ಕೆಳಗಿಟ್ಟ. ಶುಂಠಿ ಜಗಿದ. ಪಕ್ಕದ ಮನೆಯವರು ಏಲಕ್ಕಿ ಕುದಿಸಿದ ನೀರು ತಂದರು, ಎದುರು ಮನೆಯವರು ನಿಂಬೆಹಣ್ಣಿಗೆ ಉಪ್ಪು ಸವರಿ ತಂದರು. ಬೇಡ ಅನ್ನೋಣವೆಂದು ಬಾಯಿ ತೆರೆದರೆ ಹಿಕ್ ಬರುತ್ತಿತ್ತು, ತೆರೆದ ಬಾಯಿಗೆ ಅವರು ಸುರಿಯುತ್ತಿದ್ದರು. ಎಂಟೂವರೆಗೆ ಅವನ ಹೊಟ್ಟೆ ದಿನಸಿ ಅಂಗಡಿಯಾಗಿತ್ತು. ಬಿಕ್ಕಳಿಕೆ ಮಾತ್ರ ಬೋರ್‌ವೆಲ್ ಮೋಟಾರಿನ ಹಾಗೆ ಲೆಕ್ಕ ತಪ್ಪದೆ ಎತ್ತುತ್ತಿತ್ತು.

ಅವನ ತಾಯಿ ದೊಡ್ಡವೆಂಕಟಮ್ಮನಿಗೆ ಎಂಬತ್ತು ದಾಟಿತ್ತು. ಮಗುವಿನ ಹೊಟ್ಟೆನೋವಿಗೆ ಓಮದ ನೀರು, ನೆಗಡಿಗೆ ದೊಡ್ಡಪತ್ರೆ, ಹಲ್ಲುನೋವಿಗೆ ಲವಂಗ ಎಂದು ಊರಿಗೆಲ್ಲ ಹೇಳುವವಳು. ಇಷ್ಟು ಹೊತ್ತು ತನ್ನನ್ನು ಯಾರೂ ಕೇಳಲಿಲ್ಲವೆಂದು ಮುನಿಸಿಕೊಂಡು ಕೂತಿದ್ದಳು. ಈಗ ಎದ್ದಳು. ದೇವರ ಪಟದ ಹಿಂದೆ ಸಿಕ್ಕಿಸಿದ್ದ ನವಿಲುಗರಿ ತೆಗೆದು ದೀಪಕ್ಕೆ ಹಿಡಿದು ಸುಟ್ಟು, ಬೂದಿಯನ್ನು ಜೇನಿನಲ್ಲಿ ಕಲಸಿದಳು.

"ನೆಕ್ಕು ಕಣೋ."

"ಅಮ್ಮಾ, ಕೂದಲು ಸುಟ್ಟ ವಾಸ್ನೆ... ಹಿಕ್... ಬರ್ತೈತೆ."

"ನಿಮ್ಮಪ್ಪನೂ ನೆಕ್ಕಿದ್ದ. ಏನಾಯ್ತು?"

"ಸತ್ತೋದ."

"ಅದಾಗಿ ಇಪ್ಪತ್ತು ವರ್ಷಕ್ಕೆ ಸತ್ತ. ನೆಕ್ಕು!"

ನೆಕ್ಕಿದ. ಮೀಸೆಯ ತುದಿ, ನಾಲಗೆ, ತುಟಿ ಎಲ್ಲ ಕಪ್ಪಾದವು. ಹಿಕ್.

ದೊಡ್ಡವೆಂಕಟಮ್ಮ ಮಗನನ್ನು ದಿಟ್ಟಿಸಿದಳು. "ಇದು ಮದ್ದಿಗೆ ಬಗ್ಗೋದಲ್ಲ. ನಿನ್ನ ಯಾರೋ ಬಿಡದಂಗೆ ನೆನಸ್ಕೊಂತಾವ್ರೆ. ಹೆಸ್ರು ಸರ್ಯಾಗಿ ಹೇಳು, ನಿಂತೋಗ್ತದೆ."

ಸುಬ್ಬರಾಯಪ್ಪ ತಂಗಿಯ ಹೆಸರು ಹೇಳಿದ, ಮೋಟಾರು ರಿಪೇರಿಯವನ ಹೆಸರು ಹೇಳಿದ, ಕೋಲಾರದ ಟೊಮೆಟೊ ಮಂಡಿಯವರನ್ನೆಲ್ಲ ಸಾಲಾಗಿ ಹೇಳಿದ. ನಿಲ್ಲಲಿಲ್ಲ. ಆದರೆ ತನ್ನನ್ನು ಬಿಡದ ಹಾಗೆ ನೆನೆಸಿಕೊಳ್ಳಬಹುದಾದವನು ಒಬ್ಬನಿದ್ದ. ಅವನ ಹೆಸರು ಮಾತ್ರ ಸುಬ್ಬರಾಯಪ್ಪನಿಗೆ ಗೊತ್ತಿರಲಿಲ್ಲ.

ಅದೇನೆಂದರೆ, ಮೂರು ತಿಂಗಳ ಹಿಂದೆ ಗಂಡುಹೆಣ್ಣು ನೋಡುವ ಶಾಸ್ತ್ರವನ್ನು ಎರಡೂ ಮನೆಯವರು ಕುರುಡುಮಲೆಯ ಗಣಪತಿ ಗುಡಿಯಲ್ಲಿ ಇಟ್ಟುಕೊಂಡಿದ್ದರು. ಹುಡುಗಿ ಒಪ್ಪಿಗೆಯಾಗದಿದ್ದರೆ ದೇವರ ದರ್ಶನಕ್ಕೆ ಬಂದೆವೆಂದು ಇಬ್ಬರೂ ಮಾನವಾಗಿ ಮನೆಗೆ ಹೋಗಬಹುದು, ಅದಕ್ಕೆ. ಎಲ್ಲ ಮುಗಿಸಿ ಹೊರಗೆ ಬಂದ ಸುಬ್ಬರಾಯಪ್ಪನಿಗೆ ತನ್ನ ಚಪ್ಪಲಿ ಕಂಡಿತು. ಎಡಗಾಲಿನದಕ್ಕೆ ಮೋಟಾರಿನ ತಾಮ್ರದ ತಂತಿ ಸುತ್ತಿದ, ಹಿಮ್ಮಡಿ ಸವೆದ ಚಪ್ಪಲಿ. ಅದರ ಪಕ್ಕದಲ್ಲೇ ಒಂದು ಜೊತೆ ಕೆಂಪು ಚರ್ಮದ ಚಪ್ಪಲಿ, ಹೆಬ್ಬೆರಳಿಗೆ ಉಂಗುರ, ಹೊಸದರ ವಾಸನೆ ಇನ್ನೂ ಹೋಗಿರಲಿಲ್ಲ. ಅಳತೆ ನೋಡೋಣವೆಂದು ಕಾಲು ತೂರಿಸಿದ. ಹೇಳಿ ಮಾಡಿಸಿದ ಹಾಗಿತ್ತು. ಅಷ್ಟರಲ್ಲಿ ಗಂಗಾಲಕ್ಷ್ಮಿ ಆಟೋದಿಂದ "ಬರ್ತೀರೋ, ಅಲ್ಲೇ ಇರ್ತೀರೋ?" ಎಂದು ಕೂಗಿದಳು. ಅದನ್ನೇ ಮೆಟ್ಟಿಕೊಂಡು ಹೋದ. ಮುಳಬಾಗಿಲು ದಾಟುವವರೆಗೆ 'ಅಯ್ಯೋ, ತಿಳೀದೆ ಆಯ್ತು' ಎಂದು ಮನಸ್ಸಿಗೆ ಹೇಳಿಕೊಂಡ. ಆಮೇಲೆ ಮನಸ್ಸು ಅದನ್ನು ನಂಬಲಿಲ್ಲ. ಮನೆಗೆ ಬಂದು ಗೊಬ್ಬರದ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಒಂದು ದಿನವೂ ಹಾಕಿಕೊಳ್ಳುವ ಧೈರ್ಯ ಬರಲಿಲ್ಲ. ಆಗೊಮ್ಮೆ ಈಗೊಮ್ಮೆ ಹತ್ತಿ ನೋಡಿ ಬರುತ್ತಿದ್ದ.

ಈಗ ಮನೆಯವರು ಕಡೆಯ ಮದ್ದಿಗೆ ಕೈಹಾಕಿದ್ದರು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಬಿಕ್ಕಳಿಸುವವನ ಮೇಲೆ ಇದ್ದಕ್ಕಿದ್ದಂತೆ ಕಳ್ಳತನ ಹೊರಿಸಬೇಕು. ಮಾಡದ ಕಳ್ಳತನವಾಗಿರಬೇಕು. ಅವನು ಬೆಚ್ಚಿ 'ನಾನಲ್ಲ' ಅನ್ನುವಷ್ಟರಲ್ಲಿ ಬಿಕ್ಕಳಿಕೆ ಮರೆತುಹೋಗುತ್ತದೆ.

"ನನ್ನ ಬೆಳ್ಳಿ ಕಾಲುಂಗುರ ಕದ್ದಿದ್ದು ನೀವೇ!" ಎಂದು ಗಂಗಾಲಕ್ಷ್ಮಿ ಹಿಂದಿನಿಂದ ಬಂದು ಅರಚಿದಳು.

"ನಿನ್ನ ಕಾಲಲ್ಲೇ... ಹಿಕ್... ಐತಲ್ಲೇ."

"ಅಕ್ಕಪಕ್ಕದೋರ ಕೋಳಿ ಕದ್ದೋನು ನೀನೇ ಕಣೋ!" ಅಂದಳು ತಾಯಿ.

"ಹೂಂ ಕಣಮ್ಮ. ಸಾರು ಮಾಡ್ದೋಳು ನೀನೇ. ಹಿಕ್."

ಮದ್ದು ಗೊತ್ತಿದ್ದವನಿಗೆ ಮದ್ದು ನಾಟುವುದಿಲ್ಲ. ಸಹನ ಮಾತ್ರ ಏನೂ ಹೊರಿಸಲಿಲ್ಲ. ರೇಷ್ಮೆ ಸೀರೆಯುಟ್ಟು ಬಾಗಿಲಿಗೆ ಬಂದು, "ಅಪ್ಪಾ, ಹತ್ತೂವರೆಗೆ ರಾಹುಕಾಲ," ಅಂದಳು ಅಷ್ಟೆ. ಅದು ಎಲ್ಲ ಮದ್ದಿಗಿಂತ ಖಾರವಾಗಿತ್ತು.

ಬೀಗರು ಒಂಬತ್ತೂಮುಕ್ಕಾಲಿಗೆ ಬಂದರು. ಹುಡುಗನ ತಂದೆ ಚನ್ನರಾಯಪ್ಪ ಇಸ್ತ್ರಿ ಮಾಡಿದ ಪಂಚೆಯವನು, ಕೂತರೆ ಮಡಿಕೆ ಕೆಡುತ್ತದೆಂದು ನಿಂತೇ ಮಾತಾಡುವ ಆಸಾಮಿ. ಅಶ್ವತ್ಥಮ್ಮ ಒಳಗೆ ಬಂದು ಮೊದಲು ಗೋಡೆ ನೋಡಿದಳು. ಗಂಗಾಲಕ್ಷ್ಮಿ ಹಿಂದಿನ ದಿನವೇ ಪೊರಕೆ ಹಿಡಿದು ಊರಿನ ಹಲ್ಲಿಗಳನ್ನೆಲ್ಲ ಓಡಿಸಿದ್ದಳು.

ಸುಬ್ಬರಾಯಪ್ಪ ತುಟಿ ಬಿಗಿಹಿಡಿದು, ತಲೆಯಾಡಿಸಿ, ಕೈಮುಗಿದೇ ಇಪ್ಪತ್ತು ನಿಮಿಷ ತಳ್ಳಿದ. ಹಿಕ್ ಬಂದಾಗಲೆಲ್ಲ ನಮಸ್ಕಾರಕ್ಕೆ ಬಗ್ಗಿದ ಹಾಗೆ ಬಗ್ಗುತ್ತಿದ್ದ. "ಎಷ್ಟು ವಿನಯ ನೋಡಪ್ಪ," ಎಂದು ಚನ್ನರಾಯಪ್ಪ ಮಗನ ಕಿವಿಯಲ್ಲಿ ಹೇಳಿದ.

ಹತ್ತೂ ಹತ್ತಕ್ಕೆ ತಟ್ಟೆ ಕೈಗೆ ಬಂತು.

"ನಮ್ಮ ಹುಡುಗಿಯನ್ನು ನಿಮ್ಮ... ಹಿಕ್."

ತಟ್ಟೆಯ ಮೇಲಿನ ತೆಂಗಿನಕಾಯಿ ಕುಣಿಯಿತು. ಕಪ್ಪು ನಾಲಗೆ ಎಲ್ಲರಿಗೂ ಕಂಡಿತು. ಅಶ್ವತ್ಥಮ್ಮ ಕೈಯೆತ್ತಿದಳು. "ಆಪಂಡಿ!"

ನಿಲ್ಲಿಸಿ ಅನ್ನಲು ತೆಲುಗು ಬಂತು. ಗಂಗಾಲಕ್ಷ್ಮಿ ಗೋಡೆಗೆ ಒರಗಿದಳು. ಸಹನ ನೆಲ ನೋಡಿದಳು. ಅಶ್ವತ್ಥಮ್ಮ ಎದ್ದು, ಒಂದು ಮಾತೂ ಆಡದೆ, ನಿಧಾನವಾಗಿ ನಡೆದು ಬಂದು ಸುಬ್ಬರಾಯಪ್ಪನ ಮೂಗಿನ ಹತ್ತಿರ ಮೂಗು ತಂದು ನಿಂತಳು. ಆಮೇಲೆ ಮನೆ ನಡುಗುವ ಹಾಗೆ ಕೇಳಿದಳು:

"ಏನಯ್ಯಾ, ಕುರುಡುಮಲೆ ಗುಡಿ ಮುಂದೆ ನನ್ನ ಮಗನ ಹೊಸಾ ಚಪ್ಪಲಿ ಕದ್ದೋನು ನೀನೇ ಅಲ್ವೇನಯ್ಯಾ?"

"ಅಟ್ಟದ ಮೇಲೈತೆ," ಅಂದ ಸುಬ್ಬರಾಯಪ್ಪ. "ಗೊಬ್ಬರದ ಚೀಲದಾಗೆ."

ಎಲ್ಲರೂ ಮುಂದಿನ ಹಿಕ್‌ಗೆ ಕಾದರು. ಬರಲಿಲ್ಲ. ಮೂರು ಗಂಟೆಯ ಬಿಕ್ಕಳಿಕೆ ಕೊಯ್ದು ಹಾಕಿದ ಹಾಗೆ ನಿಂತುಹೋಗಿತ್ತು.

"ನಾನು ಮದ್ದಿಗೆ ಅಂದೆ ಕಣಪ್ಪಾ," ಅಂದಳು ಅಶ್ವತ್ಥಮ್ಮ, ಅವಳ ದನಿಯೇ ಇಳಿದುಹೋಗಿ. "ಇವನು ಕಳ್ಕೊಂಡಿದ್ದು ನೆಪ್ಪಿಗೆ ಬಂತು, ಅದಕ್ಕಂದೆ. ನೂರು ಜನಕ್ಕೆ ಈ ಮದ್ದು ಮಾಡಿದೀನಿ. ಕಳ್ಳ ಸಿಕ್ಕಿದ್ದು ಇದೇ ಮೊದ್ಲು."

ಗಂಗಾಲಕ್ಷ್ಮಿ ಗಂಡನನ್ನು ನೋಡಿದ ನೋಟವನ್ನು ನಾನು ಹೇಳುವುದಿಲ್ಲ. ಅವಳೇ ಏಣಿ ಹತ್ತಿ ಚೀಲ ತಂದು ನಡುಮನೆಯಲ್ಲಿ ಸುರಿದಳು. ಕೆಂಪು ಚಪ್ಪಲಿ, ಉಂಗುರ ಸಮೇತ, ಧೂಳು ಕೂಡ ಕೂತಿರಲಿಲ್ಲ.

"ಒಂದಿನಾನೂ ಹಾಕಿಲ್ಲ ಬೀಗ್ರೇ," ಅಂದ ಸುಬ್ಬರಾಯಪ್ಪ. "ತಂತಿ ಸುತ್ತಿದ ನಂದನ್ನ ಅಲ್ಲೇ ಬಿಟ್ಟು ಬಂದೆ. ನಿಮ್ದು ಅಂತ ಗೊತ್ತಿರಲಿಲ್ಲ. ಗೊತ್ತಿದ್ರೂ... ಏನ್ ಮಾಡ್ತಿದ್ನೋ ಗೊತ್ತಿಲ್ಲ. ತಪ್ಪು ನಂದೇ. ಹುಡ್ಗೀದಲ್ಲ. ಬೈಯೋದಾದ್ರೆ ನನಗೆ ಬೈದು, ಅವಳನ್ನ ಕರ್ಕೊಂಡ್ ಹೋಗಿ."

ಚನ್ನರಾಯಪ್ಪ ಸಿಟ್ಟಿನಲ್ಲಿ ಪಂಚೆ ಎತ್ತಿ ಕಟ್ಟಿದ. ಮಡಿಕೆಯೂ ನೆನಪಿಗೆ ಬರಲಿಲ್ಲ. "ಮದುವೆ ಮಾತಿಗೆ ಅಂತಾನೇ ತಗೊಂಡಿದ್ದು ಕಣಯ್ಯಾ ಅದು! ಗುಡಿ ಮುಂದೆ ಕದಿಯೋರ ಮನೇಲಿ ಹೆಣ್ಣು ತಂದ್ರೆ ನಾಳೆ ನಮ್ಮ ಜನ ಏನಂತಾರೆ? ಅಮರ, ಏಳು. ಅಮ್ಮಾ, ನಡಿ."

ಅಮರನಾಥ್ ಏಳಲಿಲ್ಲ. ಅಂಟು ಹಾಕಿದ ಹಾಗೆ ಕೂತಿದ್ದ. ಆಗ ಬಾಗಿಲ ಮರೆಯಿಂದ ಸಹನ ಕೇಳಿದಳು, ಬಹಳ ಮೆತ್ತಗೆ:

"ಮಾವ, ಹಾಗಾದ್ರೆ ಅವತ್ತು ನೀವು ಬರಿಗಾಲಲ್ಲಿ ಹೋದ್ರಾ?"

ಚನ್ನರಾಯಪ್ಪ ಹೊಸ್ತಿಲ ಕಡೆ ನೋಡಿದ.

"ಅಲ್ಲ, ಅಪ್ಪ ಆಟೋ ಹತ್ತಿದ ಮೇಲೆ ನಿಮ್ಮನ್ನ ಕಾರಿನವರೆಗೂ ಕಳಿಸೋಕೆ ನಾನೇ ಬಂದಿದ್ದೆನಲ್ಲ. ಕಾಲಲ್ಲಿ ಕರೀ ಚಪ್ಪಲಿ ಇತ್ತು. ಇವತ್ತೂ ಅದೇ ಹಾಕ್ಕೊಂಡು ಬಂದಿದೀರಾ. ಹೊಸ್ತಿಲಾಚೆ ಬಿಟ್ಟಿದೀರಲ್ಲ, ಒಳಗಡೆ ಬಿಳೀ ಬಣ್ಣದಲ್ಲಿ 'ಮೂರ್ತಿ' ಅಂತ ಬರ್ದಿದೆ. ಮೂರ್ತಿ ಅಂದ್ರೆ ಯಾರು ಮಾವ?"

ಹಿಕ್.

ಎಲ್ಲರೂ ಸುಬ್ಬರಾಯಪ್ಪನನ್ನು ನೋಡಿದರು. ಅವನಲ್ಲ. ಚನ್ನರಾಯಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ. ಹಿಕ್.

ಅಶ್ವತ್ಥಮ್ಮ ಹೊಸ್ತಿಲಿಗೆ ಹೋಗಿ, ಬಗ್ಗಿ ನೋಡಿದಳು. ಓದಿದಳು. ತಿರುಗಿದಾಗ ಅವಳ ಹೊಟ್ಟೆ ಕುಲುಕುತ್ತಿತ್ತು. "ತಂತಿ ಸುತ್ತಿದ್ದು ಅಲ್ಲೇ ಬಿದ್ದಿತ್ತಲ್ಲೋ ನಾಯನಾ, ಅದನ್ನ ಯಾಕೆ ಹಾಕ್ಕೊಂಡ್ ಬರಲಿಲ್ಲ? ಒಳ್ಳೇದನ್ನ ಆರಿಸ್ಕೊಂಡ್ಯಾ?"

"ಅಮ್ಮಾ, ಕಾಲು... ಹಿಕ್... ಸುಡ್ತಿತ್ತು."

"ಆ ಬೀಗನಾದ್ರೂ ಕೇಳಿದ ತಕ್ಷಣ ಒಪ್ಕೊಂಡ. ನೀನು ಮೂರು ತಿಂಗಳಿಂದ ಮೂರ್ತಿ ಮೇಲೆ ನಡೀತಿದೀಯ." ಗಡಿಯಾರ ನೋಡಿದಳು. ಹತ್ತೂ ಇಪ್ಪತ್ತೆರಡು. "ಏನಪ್ಪಾ ಸುಬ್ಬರಾಯಪ್ಪ, ನೋಡ್ಕೊಂಡ್ ನಿಂತ್ಯಲ್ಲ! ರಾಹುಕಾಲ ನಿಮ್ಮಪ್ಪಂದಾ? ತಟ್ಟೆ ಹಿಡಿ!"

ಸುಬ್ಬರಾಯಪ್ಪ ಹಿಡಿದ. ಕಪ್ಪು ಮೀಸೆ, ಕಪ್ಪು ನಾಲಗೆ. ಮೂರು ಸಲ ಹೇಳಿದ. ಒಂದು ಅಕ್ಷರ ಮುರಿಯಲಿಲ್ಲ.

"ಒಪ್... ಹಿಕ್... ಪಿದೆವು," ಅಂದ ಚನ್ನರಾಯಪ್ಪ.

ಗಂಗಾಲಕ್ಷ್ಮಿ ಮತ್ತೆ ಗೋಡೆಗೆ ಒರಗಿದಳು. ಅಶ್ವತ್ಥಮ್ಮ ಕೈ ಬೀಸಿದಳು. "ಅದು ಶಕುನ ಅಲ್ಲ ಕಣಮ್ಮ. ಚಪ್ಪಲಿ ಯಜಮಾನ ನೆನಸ್ಕೊಂತಾವ್ನೆ. ಮುತ್ತೈದೇರು ಅರಿಶಿನ ಕುಂಕುಮ ತನ್ನಿ."

ಮೂಲೆಯಿಂದ ದೊಡ್ಡವೆಂಕಟಮ್ಮ ಎದ್ದಳು. ಅವಳ ಕೈಯಲ್ಲಿ ಇನ್ನೊಂದು ನವಿಲುಗರಿ ಇತ್ತು. "ಬೀಗ್ರನ್ನ ಹಿಡ್ಕೊಳ್ರಪ್ಪಾ," ಅಂದಳು.

ಮದುವೆಯಾಗಿ ಎರಡು ವರ್ಷವಾಯಿತು. ಸಹನ, ಅಮರನಾಥ್ ಚೆನ್ನಾಗಿದ್ದಾರೆ. ಕುರುಡುಮಲೆಗೆ ಹೋದರೆ ಒಬ್ಬರು ಒಳಗೆ, ಒಬ್ಬರು ಚಪ್ಪಲಿ ಹತ್ತಿರ. ಚನ್ನರಾಯಪ್ಪನಿಗೆ ಮಾತ್ರ ಆಗಾಗ ಊಟದ ನಡುವೆ ಹಿಕ್ ಬರುತ್ತದೆ. ಬೂದಿ, ಜೇನು, ಶುಂಠಿ ಎಲ್ಲ ಆಯಿತು. ಕರೀ ಚಪ್ಪಲಿಯನ್ನು ಒರೆಸಿ, ಕಾಗದದಲ್ಲಿ ಸುತ್ತಿ ಇಟ್ಟಿದ್ದಾನೆ. ಆದ್ದರಿಂದ ಇದನ್ನು ಕೇಳಿ ಸುಮ್ಮನೆ ಅಳಿಸಬೇಡಿ. ಮುಳಬಾಗಿಲು, ಕೋಲಾರ, ಮಾಲೂರು, ಶ್ರೀನಿವಾಸಪುರ, ನಿಮ್ಮ ಎಲ್ಲ ಗುಂಪುಗಳಿಗೂ ಕಳಿಸಿ, ಆ ಮೂರ್ತಿಗೆ ಮುಟ್ಟುವವರೆಗೂ ಕಳಿಸಿ. ಮೂರ್ತಿಯವರೇ, ಆವತ್ತು ನೀವು ಬರಿಗಾಲಲ್ಲಿ ಮನೆಗೆ ಹೋಗಿದ್ದರೆ ಬಂದು ನಿಮ್ಮ ಚಪ್ಪಲಿ ತೆಗೆದುಕೊಂಡು ಹೋಗಿ. ಇಲ್ಲ, ಬೇರೆ ಯಾರದೋ ಮೆಟ್ಟಿಕೊಂಡು ಹೋಗಿದ್ದರೆ ನೀವೂ ಇದನ್ನು ಮುಂದಕ್ಕೆ ಕಳಿಸಿ.